ಫೋನ್ ಇಡಿ, ನಾನೇ ಮಾಡ್ತೀನಿ

ಆಸ್ಪತ್ರೆಯವರೆಲ್ಲ ಅವಳನ್ನು ಕರೆಯುವುದು ಪಾಸ್‌ವರ್ಡ್ ಅಕ್ಕ ಎಂದು. ನೆಲಮಾಳಿಗೆಯಲ್ಲಿ, ಬಿಸಿನೀರಿನ ಕೊಳವೆಗಳು ಹಾದುಹೋಗುವ ಕೋಣೆಯಲ್ಲಿ ಕೂತು, ಡಾಕ್ಟರು, ನರ್ಸು, ಗುಮಾಸ್ತರು ಮರೆತ ಪಾಸ್‌ವರ್ಡ್‌ಗಳನ್ನು ಹನ್ನೊಂದು ವರ್ಷದಿಂದ ಬದಲಿಸಿ ಕೊಡುತ್ತಿದ್ದಾಳೆ. ಮನುಷ್ಯನ ಮೈಯಲ್ಲಿರುವ ಮೂಳೆಗಳ ಹೆಸರೆಲ್ಲ ಬಾಯಿಪಾಠ ಇರುವವರಿಗೂ ಎಂಟು ಅಕ್ಷರ ನೆನಪಿರುವುದಿಲ್ಲ, ಏನು ಹೇಳೋಣ. ಅವಳದೊಂದು ಪದ್ಧತಿಯಿತ್ತು. ಯಾರೇ ಕೇಳಲಿ, "ಫೋನ್ ಇಡಿ, ನಾನೇ ಮಾಡ್ತೀನಿ" ಎಂದು ಹೇಳಿ, ಅವರ ಕೋಣೆಯ ನಂಬರಿಗೆ ತಾನೇ ತಿರುಗಿ ಫೋನ್ ಮಾಡುವುದು. ಅವರೇ ಎತ್ತಿದರೆ ಮಾತ್ರ ಹೊಸ ಪಾಸ್‌ವರ್ಡ್. ಇದನ್ನು ಅವಳಿಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ.

ಪೀಕಲಾಟ ಶುರುವಾದದ್ದು ಈ ವರ್ಷ. ಪಾಸ್‌ವರ್ಡ್ ಬದಲಿಸುವ ಕೆಲಸವನ್ನು ಇನ್ನು ಆರು ತಿಂಗಳಲ್ಲಿ ಕಂಪ್ಯೂಟರಿಗೇ ಒಪ್ಪಿಸುತ್ತಾರಂತೆ. ಅಲ್ಲಿಗೆ ಅವಳ ಕುರ್ಚಿ ಖಾಲಿ. ಬದಲಿಗೆ ಭದ್ರತಾ ವಿಭಾಗದಲ್ಲಿ ಒಂದೇ ಒಂದು ಹುದ್ದೆ. ಬೇಕಾದವರು ಒಂದು ಸರ್ಟಿಫಿಕೇಟ್ ಪರೀಕ್ಷೆಯನ್ನು ಆರಿಸಿ ಶುಕ್ರವಾರ ಸಂಜೆಯೊಳಗೆ ಫಾರಂ ಕೊಡಬೇಕು. ಫಾರಂನಲ್ಲಿ ನಾಲ್ಕು ಸಾಲು: ನೆಟ್‌ವರ್ಕ್ ಕಾವಲು, ಹ್ಯಾಕಿಂಗ್ ಪರೀಕ್ಷೆ, ಆಡಿಟ್, ದಾಳಿಯಾದ ಮೇಲಿನ ನಿರ್ವಹಣೆ.

ಆರಿಸುವುದೆಂದರೆ ಅಷ್ಟು ಸುಲಭವೇ? ಮೊದಲು ಹ್ಯಾಕಿಂಗ್ ಪುಸ್ತಕ ತಂದಳು, ಹೆಸರಿಗೊಂದು ಗತ್ತು ಇತ್ತಲ್ಲ. ಮೂರನೇ ಅಧ್ಯಾಯಕ್ಕೆ ಬರುವಾಗ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎನಿಸಿ ನೆಟ್‌ವರ್ಕ್ ಹಿಡಿದಳು. ಆಡಿಟ್‌ನವರಿಗೆ ಭಾನುವಾರ ರಜೆ ಖಾಯಂ ಎಂದು ಯಾರೋ ಅಂದರು, ಅದನ್ನೂ ತಂದಳು. ನಾಲ್ಕನೇ ಸಾಲಿನತ್ತ ಮಾತ್ರ ಕಣ್ಣೆತ್ತಿಯೂ ನೋಡಲಿಲ್ಲ. ಊಟವಾದ ಮೇಲೆ ಎಲೆ ಎತ್ತುವ ಕೆಲಸ ಅದು ಎಂದು ಮೂಗು ಮುರಿದಿದ್ದಳು. ಕೂತರೆ ಕಾಲು ಅಲುಗುತ್ತಿತ್ತು, ಮಲಗಿದರೆ ತಲೆ ಓಡುತ್ತಿತ್ತು.

"ಪುಸ್ತಕ ಬದಲಾಯಿಸೋದಕ್ಕೂ ಒಂದು ಪರೀಕ್ಷೆ ಇದ್ರೆ ನೀನೇ ಫಸ್ಟ್ ಕ್ಲಾಸು," ಅಂದರು ಅತ್ತೆ.

"ನೀವೇ ಒಂದು ಆರಿಸಿಕೊಡಿ ಹಾಗಾದ್ರೆ."

"ನನಗೇನಮ್ಮ ಗೊತ್ತು? ತೆಳ್ಳಗಿರೋದು ತಗೋ."

ಗುರುವಾರ ಬೆಳಿಗ್ಗೆ ಒಂಬತ್ತೂವರೆ. ಪರದೆಯ ಮೇಲೆ ಮಾದರಿ ಪ್ರಶ್ನೆಪತ್ರಿಕೆ ತೆರೆದಿತ್ತು, ಹತ್ತು ಪ್ರಶ್ನೆ ಬಾಕಿ. ಫೋನ್ ಬಂತು.

"ಮೂಳೆ ಡಾಕ್ಟರ್ ಮಾತಾಡ್ತಿರೋದು. ಪೇಶೆಂಟ್ ಟೇಬಲ್ ಮೇಲಿದ್ದಾರೆ, ಎಕ್ಸ್‌ರೇ ನೋಡ್ಬೇಕು, ಪಾಸ್‌ವರ್ಡ್ ಹೋಗ್ತಿಲ್ಲ. ಬೇಗ ಮಾಡಿ."

ಅದೇ ಗಡಸು ದನಿ, ಅದೇ ಸಿಡುಕು. ಕಣ್ಣು ಪ್ರಶ್ನೆಯ ಮೇಲಿತ್ತು, ಕೈ ತಾನಾಗಿ ಕೆಲಸ ಮಾಡಿತು. ಹೊಸ ಪಾಸ್‌ವರ್ಡ್ ಹೇಳಿಬಿಟ್ಟಳು. ತಿರುಗಿ ಫೋನ್ ಮಾಡದೆ ಕೊಟ್ಟದ್ದು ಹನ್ನೊಂದು ವರ್ಷದಲ್ಲಿ ಅದೇ ಮೊದಲು.

ಹನ್ನೆರಡು ನಿಮಿಷಕ್ಕೆ ಮತ್ತೆ ಫೋನ್. "ಮೂಳೆ ಡಾಕ್ಟರ್ ಕಣಮ್ಮ. ಈಗ ತಾನೇ ಬಂದೆ, ಕಂಪ್ಯೂಟರ್ ಒಳಗೇ ಬಿಡ್ತಿಲ್ಲ."

ಅವಳು ಅವರ ಕೋಣೆಗೆ ತಿರುಗಿ ಫೋನ್ ಮಾಡಿದಳು, ಎತ್ತಿದವರು ಅವರೇ; ಹಾಗಾದರೆ ಮೊದಲು ಮಾಡಿದವನು ಬೇರೆ ಯಾರೋ.

ಒಂದು ಗಳಿಗೆ ಕೆಟ್ಟ ಯೋಚನೆಯೂ ಬಂತು, ಸುಳ್ಳೇಕೆ. ಇವರಿಗೆ ಇನ್ನೊಂದು ಪಾಸ್‌ವರ್ಡ್ ಕೊಟ್ಟರೆ ಆ ಕಳ್ಳ ತಾನಾಗಿ ಹೊರಗೆ ಬೀಳುತ್ತಾನೆ. ನಾಳೆ ಫಾರಂ ಕೊಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ, ಅವನು ಯಾರ ಕಾಗದ ನೋಡಿದನೋ ಆ ರೋಗಿಗಳ ಯೋಚನೆ ಬಂತು. ಡಾಕ್ಟರ ಖಾತೆಗೆ ಬೀಗ ಹಾಕಿ, ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆಗೆ ಫೋನ್ ಮಾಡಿದಳು.

"ಮೇಡಂ, ಯಾರೋ ಒಳಗೆ ಬಂದಿದ್ದಾರೆ. ಬಾಗಿಲು ತೆಗೆದಿದ್ದು ನಾನೇ."

ಆಮೇಲೆ ಒಂದು ಹಾಳೆ ತೆಗೆದುಕೊಂಡು, ಕಂಪ್ಯೂಟರಿನಲ್ಲಿ ಉಳಿದ ಜಾಡು ನೋಡುತ್ತ ಬರೆಯತೊಡಗಿದಳು. ಎಷ್ಟು ಗಂಟೆಗೆ ಫೋನ್ ಬಂತು, ಅವನು ಏನೆಂದ, ತಾನೇನೆಂದೆ, ಯಾವ ಕಂಪ್ಯೂಟರಿನಿಂದ ಒಳಹೊಕ್ಕ, ಯಾವ ನಲವತ್ತೊಂದು ಕಡತ ತೆರೆದ, ಹೊರಹೋಗುವ ಮೊದಲು ಇನ್ಯಾರ ಖಾತೆಯನ್ನು ತಡಕಿದ. ಬರೆಯುವಾಗ ಗಂಟೆ ಕಳೆದದ್ದೇ ತಿಳಿಯಲಿಲ್ಲ. ಕಾಲು ಅಲುಗಲಿಲ್ಲ.

ಮುಖ್ಯಸ್ಥೆ ಆ ಹಾಳೆಯನ್ನು ನಿಂತೇ ಓದಿದರು. "ಇದಿಲ್ದೇ ಇದ್ರೆ ನಾವು ಒಂದು ವಾರ ಕತ್ತಲಲ್ಲಿ ತಡಕಾಡ್ತಿದ್ವಿ," ಅಂದರು. ಆಮೇಲೆ ಕನ್ನಡಕ ತೆಗೆದರು. "ಆದರೆ ತಪ್ಪು ದಾಖಲೆಗೆ ಹೋಗುತ್ತೆ. ಆ ಹುದ್ದೆ ನಿಮಗೆ ಕೊಡಿ ಅಂತ ನಾನಿನ್ನು ಮೇಲಿನವರ ಹತ್ರ ಹೇಳೋಕಾಗಲ್ಲ."

ಅವಳು ಮೆಟ್ಟಿಲ ಮೇಲೆ ಕೂತು ಅತ್ತಳು. ಒರೆಸಿಕೊಳ್ಳಲು ಕರವಸ್ತ್ರವೂ ಇರಲಿಲ್ಲ.

ಮನೆಯಲ್ಲಿ ಅತ್ತೆ ಎಲ್ಲ ಕೇಳಿಸಿಕೊಂಡರು. "ಬಾಯಿ ಮುಚ್ಕೊಂಡು ಇದ್ದಿದ್ರೆ?"

"ಕೆಲಸ ಸಿಗ್ತಿತ್ತೇನೋ ಅತ್ತೆ."

ಅತ್ತೆ ತಮಾಷೆ ಮಾಡಲಿಲ್ಲ. ಮೇಜಿನ ಮೇಲಿದ್ದ ಮೂರು ಪುಸ್ತಕ ಎತ್ತಿ ಕಪಾಟಿನಲ್ಲಿಟ್ಟು, ಅವಳ ಮುಂದೆ ತಟ್ಟೆ ಇಟ್ಟರು.

ಶುಕ್ರವಾರ ಅವಳು ಫಾರಂ ತುಂಬಿದಳು, ದಾಳಿಯಾದ ಮೇಲಿನ ನಿರ್ವಹಣೆ ಎಂಬ ನಾಲ್ಕನೇ ಸಾಲಿಗೆ ಗುರುತು ಹಾಕಿ. ಇಲ್ಲಿ ಸಿಗದಿದ್ದರೆ ಬೇಡ, ಬೇರೆ ಆಸ್ಪತ್ರೆಗಳಿಲ್ಲವೇ? ಅಲ್ಲೂ ಒಂದು ದಿನ ಯಾರಾದರೂ ಹೀಗೆಯೇ ಕಳ್ಳನಿಗೆ ಬಾಗಿಲು ತೆಗೆಯುತ್ತಾರೆ. ಸಹಿ ಒಣಗುವ ಮೊದಲೇ ಫೋನ್ ಹೊಡೆದುಕೊಂಡಿತು.

"ಮೂಳೆ ಡಾಕ್ಟರ್. ನಿನ್ನೆ ಸಂಜೆ ಬೀಗ ತೆಗೆದು ಕೊಟ್ಟ ಹೊಸ ಪಾಸ್‌ವರ್ಡ್ ಮರೆತೋಯ್ತು."

"ಫೋನ್ ಇಡಿ ಸಾರ್, ನಾನೇ ಮಾಡ್ತೀನಿ."

"ಅಯ್ಯೋ, ನಾನೇ ಕಣಮ್ಮ. ನನ್ನ ದನಿ ಗೊತ್ತಾಗಲ್ವ?"

"ಗೊತ್ತಾಗುತ್ತೆ ಸಾರ್. ಇಡಿ."

ಅವರು ಗೊಣಗುತ್ತ ಇಟ್ಟರು. ಅವಳು ಅವರ ಕೋಣೆಯ ನಂಬರು ಒತ್ತಿ, ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಅವರೇ ಎತ್ತಲಿ ಎಂದು ಕಾದಳು.