ಮಾವಯ್ಯನ ಬ್ರೇಕ್ ಪಾಠ

ನನ್ನೂರು ಚಿತ್ರದುರ್ಗ. ದುವ್ವಾಡದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ವಿಶಾಖಪಟ್ಟಣಕ್ಕೆ ಬಂದವಳು ಅಲ್ಲೇ ಜೊತೆಗೆ ಕೆಲಸ ಮಾಡುತ್ತಿದ್ದ ತೆಲುಗಿನವರೊಬ್ಬರನ್ನು ಮದುವೆಯಾದೆ. ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ದಿನ ಕಳೆಯುತ್ತಿದ್ದುದರಿಂದ ನನ್ನ ತೆಲುಗು ಆಗಿನ್ನೂ ಅರ್ಧಂಬರ್ಧ.

ಅತ್ತೆಯ ಮನೆ ವಿಜಯವಾಡದಲ್ಲಿ, ಬೆಂಜ್ ಸರ್ಕಲ್ಲಿನ ಹಿಂದಿನ ಬೀದಿಯಲ್ಲಿ. ಮಾವ ಬಸ್ ಡಿಪೋದಲ್ಲಿ ಬ್ರೇಕ್ ಕೆಲಸ ಮಾಡುತ್ತಲೇ ತಲೆ ನರೆಸಿಕೊಂಡು ನಿವೃತ್ತರಾದವರು. ಮದುವೆಯ ನಂತರದ ಮೊದಲ ಸಂಕ್ರಾಂತಿಗೆ ನಾವು ಹಳೆಯ ಕಾರಿನಲ್ಲಿ ಹೋದಾಗ, ಅವರು ನನ್ನನ್ನು ಮಾತನಾಡಿಸುವ ಮೊದಲೇ ಬ್ರೇಕ್ ಪೆಡಲ್ ಒತ್ತಿ ನೋಡಿ ಮುಖ ಸಿಂಡರಿಸಿದರು. ಬ್ರೇಕ್ ಎಣ್ಣೆಯ ಪೈಪಿನಲ್ಲಿ ಗಾಳಿ ಸೇರಿದೆಯಂತೆ; ಒಬ್ಬರು ಪೆಡಲ್ ಒತ್ತುತ್ತಿದ್ದರೆ ಇನ್ನೊಬ್ಬರು ಚಕ್ರದ ಬಳಿ ನಟ್ಟು ಸಡಿಲಿಸಿ ಅದನ್ನು ಹೊರಗೆ ಬಿಡಬೇಕಂತೆ.

ಮರುದಿನ ಬೆಳಿಗ್ಗೆ ಗಂಡನನ್ನು ಸೀಟಿನಲ್ಲಿ ಕೂರಿಸಿ, ತಾವು ಹಿಂದಿನ ಚಕ್ರದ ಪಕ್ಕ ಕೂತು ಕೆಲಸ ಶುರು ಮಾಡಿದರು. ನಡುವೆ ಯಾರೋ ಕರೆದರೆಂದು ಗಂಡ ಸದ್ದಿಲ್ಲದೆ ಎದ್ದು ಹೋದರು. ಜಗುಲಿಯಲ್ಲಿದ್ದ ನನಗೆ ಮಾವನ ಕೂಗು ಕೇಳಿಸಿತು.

"ತೊಕ್ಕು! ತೊಕ್ಕು!"

ನಮ್ಮ ಕಡೆ ತೊಕ್ಕು ಎಂದರೆ ಮಾವಿನಕಾಯಿಯದು. ಹೊತ್ತಲ್ಲದ ಹೊತ್ತಿನಲ್ಲಿ ಇವರಿಗೆ ಇದೇನು ಆಸೆಯೋ ಎಂದುಕೊಂಡು, ಅಮ್ಮ ಕಳಿಸಿದ್ದ ಜಾಡಿಯಿಂದ ಒಂದು ಬಟ್ಟಲು ತೊಕ್ಕು ಬಡಿಸಿ, ಚಮಚ ಸಮೇತ ಒಯ್ದು ಅವರ ಮುಂದೆ ಹಿಡಿದೆ.

"ಇದೇನಮ್ಮಾ?"

"ನೀವು ಕೇಳಿದ್ರಲ್ಲ ಮಾವಯ್ಯಾ, ತೊಕ್ಕು."

ಅವರು ಬಟ್ಟಲು ನೋಡಿದರು, ಖಾಲಿ ಸೀಟು ನೋಡಿದರು. ಆಮೇಲೆ ಕೈಲಿದ್ದ ಸ್ಪ್ಯಾನರ್ ಜಾರಿ ಬೀಳುವಂತೆ ನಕ್ಕರು. ತೆಲುಗಿನಲ್ಲಿ 'ತೊಕ್ಕು' ಎಂದರೆ ಕಾಲಲ್ಲಿ ಒತ್ತು ಎಂದರ್ಥ! ಅತ್ತೆ ಓಡಿಬಂದು ವಿಷಯ ಕೇಳಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕರು. ಮಾವ ಕೈ ತೊಳೆದು ಬಂದು ಬಟ್ಟಲು ಖಾಲಿ ಮಾಡಿ, "ಹೋಗಿ ಸೀಟಲ್ಲಿ ಕೂತ್ಕೋ, ಇನ್ನು ನೀನೇ ಒತ್ತು" ಎಂದರು. ಅವರ ತೆಲುಗನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಸೀಟಲ್ಲಿ ಯಾರಿದ್ದಾರೆ ಅಂತ ನೋಡದೆ ಕೂಗಿದ್ದು ನನ್ನ ತಪ್ಪು. ಇನ್ಮೇಲೆ ನಾನು ಹೇಳಿದ್ದನ್ನ ನೀನು ತಿರುಗಿ ಹೇಳ್ಬೇಕು. ನಾನು ನಟ್ಟು ಬಿಗಿದು 'ಬಿಡು' ಅನ್ನೋವರೆಗೂ ಕಾಲು ತೆಗೀಬೇಡ. ತೆಗೆದ್ಯೋ, ಹೋದ ಗಾಳಿ ವಾಪಸ್ ಬರುತ್ತೆ."

ಅವರು ಹೇಳುವುದು, ನಾನು ಒಪ್ಪಿಸುವುದು. ಮಗ್ಗಿ ಹೇಳಿದ ಹಾಗೆ ನಾಲ್ಕು ಚಕ್ರ ಮುಗಿಸಿದೆವು. ಹೊರಡುವಾಗ ಅತ್ತೆ ಸೀರೆ ಕೊಟ್ಟರು. ಮಾವ ಕಾರಿನ ಡಿಕ್ಕಿಯಲ್ಲಿ, ಎತ್ತಿದ ಕಾರಿನ ಅಡಿಗೆ ಕೊಡುವ ಎರಡು ಕಬ್ಬಿಣದ ಸ್ಟ್ಯಾಂಡ್ ಇಟ್ಟರು. "ಜಾಕ್ ಇರೋದು ಎತ್ತೋದಕ್ಕೆ, ಹೊತ್ಕೊಂಡು ನಿಲ್ಲೋದಕ್ಕಲ್ಲ."

ಕೆಲವು ತಿಂಗಳ ಮೇಲೆ ಬ್ರೇಕ್ ಶೂ ಸವೆದು, ದುವ್ವಾಡ ಸ್ಟೇಷನ್ ಹತ್ತಿರದ ಮೆಕ್ಯಾನಿಕ್ ಬಳಿ ಕಾರು ಒಯ್ದೆ. ಆತ ಬರೀ ಜಾಕ್ ಮೇಲೆ ಕಾರು ಎತ್ತಿ, ಚಕ್ರ ಬಿಚ್ಚಿ, ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದ ಊದಲು ಹೊರಟ. ಆ ಧೂಳು ಉಸಿರಿಗೆ ಹೋಗದಂತೆ ಒರೆಸಲು ನಾನು ಒದ್ದೆ ಬಟ್ಟೆ ಕೊಟ್ಟೆ, ಡಿಕ್ಕಿಯಿಂದ ಸ್ಟ್ಯಾಂಡ್ ತೆಗೆದೆ.

"ಹತ್ತು ನಿಮಿಷದ ಕೆಲ್ಸ ಮೇಡಂ, ಇದೆಲ್ಲ ಯಾಕೆ?"

"ನಮ್ಮ ಮಾವಯ್ಯ ಬೈತಾರೆ" ಎಂದೆ. ಮಾವನ ಹೆಸರೆತ್ತಿದರೆ ಯಾರೂ ವಾದಿಸುವುದಿಲ್ಲ. ಗೊಣಗುತ್ತಲೇ ಕಾರಿನಡಿ ಸ್ಟ್ಯಾಂಡ್ ಇಟ್ಟು, ನೆಲದ ಮೇಲಿದ್ದ ಚಕ್ರಗಳಿಗೆ ಕಲ್ಲು ಒತ್ತಿಟ್ಟ.

ಹಳೆಯ ಶೂ ಎಳೆಯುತ್ತಿದ್ದಾಗ ಜಾಕ್ 'ಬುಸ್' ಎಂದು ಕುಸಿಯಿತು. ಕಾರು ಒಂದು ಬೆರಳಿನಷ್ಟು ಇಳಿದು ಸ್ಟ್ಯಾಂಡಿನ ಮೇಲೆ ಕೂತಿತು. ಆತನ ಪಾದ ಸರಿಯಾಗಿ ಚಕ್ರ ಬಿಚ್ಚಿದ್ದ ಜಾಗದ ಕೆಳಗಿತ್ತು. ಆತ ಮೆಲ್ಲಗೆ ಕಾಲು ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ಹೇಳಿದ:

"ಐದೂ ಇವೆ ಮೇಡಂ."

ಇಬ್ಬರಿಗೂ ನಗು ಬಂತು. ಟೀ ತರಿಸಿದ. ಕೆಲಸ ಮುಗಿದ ಮೇಲೆ ನಾನು ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹೊಗಳುತ್ತಾರೆಂದು ಕಾದೆ.

"ಕಾರು ತೆಗೆಯೋ ಮುಂಚೆ ಪೆಡಲ್ ಗಟ್ಟಿಯಾಗೋವರೆಗೂ ಒತ್ತಿದ್ಯಾ?"

ಒತ್ತಿರಲಿಲ್ಲ. ಕೂತು ಒತ್ತಿದೆ. ಮೊದಲ ಸಲ ಕಾಲು ನೆಲಕ್ಕೇ ಹೋಯಿತು. ಮೂರನೆಯ ಸಲಕ್ಕೆ ಗಟ್ಟಿಯಾಯಿತು. ಹಾಗೇ ಹೊರಟಿದ್ದರೆ ಮೊದಲ ಸಲ ಬ್ರೇಕೇ ಹಿಡಿಯುತ್ತಿರಲಿಲ್ಲ.

ಮುಂದಿನ ತಿಂಗಳು ನಮ್ಮಲ್ಲಿಗೆ ಬಂದ ಮಾವ, ಕಾಫಿ ಕುಡಿದವರೇ ಆ ಮೆಕ್ಯಾನಿಕ್ಕನ್ನು ನೋಡಬೇಕೆಂದು ಹೊರಟರು. ಊಟದ ಹೊತ್ತಾದರೂ ಪತ್ತೆಯಿಲ್ಲ. ಹುಡುಕಿ ಹೋದರೆ, ಯಾರದೋ ವ್ಯಾನಿನ ಚಕ್ರದ ಮುಂದೆ ಇಬ್ಬರೂ ತಲೆಗೆ ತಲೆ ತಾಗಿಸಿ ಕೂತಿದ್ದರು.

"ಊಟಕ್ಕೆ ಬನ್ನಿ ಮಾವಯ್ಯಾ."

"ಇದೊಂದು ಚಕ್ರ, ಬಂದೆ" ಎಂದರು. ಬಂದದ್ದು ನಾಲ್ಕೂ ಚಕ್ರ ಮುಗಿದ ಮೇಲೆಯೇ.