ಕಲ್ಯಾಣದುರ್ಗಕ್ಕೆ ಒಬ್ಬಳೇ

ಸರೋಜತ್ತೆ ಕೊರಳಲ್ಲಿ ನೇತಾಡುವ ಡಬ್ಬಿಗೆ ಎದುರುತ್ತರ ಕೊಡುತ್ತಿದ್ದಳು. ಗುಂಡಿ ಒತ್ತಿದಾಗೆಲ್ಲ ಅದು ಒಂದೊಂದೇ ಹೆಜ್ಜೆ ಹೇಳುತ್ತಿತ್ತು: ಕಾರ್ಡ್ ತಗೋ. ಬೀಗ ಹಾಕು. "ಹಾಕ್ದೆ ಕಣಪ್ಪ, ಮುಂದಕ್ಕೆ ಹೇಳು." ಅದರೊಳಗಿನ ದನಿ ನನ್ನದು.

ಅತ್ತೆ ಅಪ್ಪನ ತಂಗಿ. ನಲವತ್ತು ದಾಟಿದರೂ, ನಾಲ್ಕು ಕೆಲಸ ಒಟ್ಟಿಗೆ ಹೇಳಿದರೆ ಮೂರು ಮರೆಯುವಳು. ಆದರೆ ನಮ್ಮ ನೇಕಾರರ ಮನೆಯಲ್ಲಿ ಅವಳಷ್ಟು ನೀಟಾಗಿ ಸೀರೆ ಮಡಿಸುವವರಿಲ್ಲ. ಕಲ್ಯಾಣದುರ್ಗದ ಸೀರೆ ಅಂಗಡಿಯಲ್ಲಿ ಅದೇ ಕೆಲಸ ಸಿಕ್ಕಿತು. ಸೋಮವಾರ ನಮ್ಮೂರು ಹಿಂದೂಪುರದಿಂದ ಹೋಗಿ, ಅಲ್ಲಿ ದೊಡ್ಡತ್ತೆ ಮನೆಯಲ್ಲಿದ್ದು, ಶನಿವಾರ ಬರುವುದು. ವಿಶೇಷ ಶಾಲೆಯ ಟೀಚರೊಬ್ಬರು ಡಬ್ಬಿ ತಂದುಕೊಟ್ಟರು. ಡಬ್ಬಿ ಹೇಳಿದಂತೆ ನಡೆಯುವುದು ಸ್ವಾತಂತ್ರ್ಯ ಹೇಗಾದೀತು ಎಂದು, ಚರ್ಚಾಸ್ಪರ್ಧೆಯ ಹುರುಪಿನಲ್ಲಿ, ನಾನು ಕೇಳಿದೆ. "ವಾದ ಆಮೇಲೆ, ಮೊದಲು ರೆಕಾರ್ಡ್ ಮಾಡು" ಎಂದರು.

ಪ್ರತಿ ಹೆಜ್ಜೆಗೂ ಕಾರಣ ಸೇರಿಸಿ ರೆಕಾರ್ಡ್ ಮಾಡಿದೆ. ಅತ್ತೆ ಕೇಳಿ, "ಯಾಕೆ ಅಂತ ನಾನ್ ಕೇಳಿದ್ನೇನ್ಲಾ? ಏನ್ ಮಾಡ್ಬೇಕು ಅದ್ ಹೇಳು" ಎಂದಳು. ಅಳಿಸಿದೆ.

ಮೊದಲ ಸೋಮವಾರ ಅಪ್ಪ ತಲೆಗೆ ಟವಲ್ ಸುತ್ತಿಕೊಂಡು ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಅಡಗಿ ಕೂತ. ಅತ್ತೆ ಆಧಾರ್ ಕಾರ್ಡ್ ತೋರಿಸಿ ಹೆಂಗಸರ ಉಚಿತ ಟಿಕೆಟ್ ಪಡೆದು, ಕಂಡಕ್ಟರಿಗೆ ತೆಲುಗಿನಲ್ಲಿ, "ಆ ಟವಲ್ ಆಯನ ಮಾ ಅನ್ನ. ಆಯನಕಿ ಫ್ರೀ ಲೇದು" ಎಂದಳಂತೆ: ಆ ಟವಲಿನವನು ನಮ್ಮಣ್ಣ, ಅವನಿಗೆ ಫ್ರೀ ಇಲ್ಲ. ಅಪ್ಪ ಟಿಕೆಟ್ ತೆಗೆದುಕೊಂಡ.

ಮೂರು ತಿಂಗಳು ಸಾಗಿತು. ಒಂದು ಸೋಮವಾರ ಬಸ್ಸು ಕಂಬದೂರಿನಲ್ಲಿ ಕೆಟ್ಟು ನಿಂತಿತು. ಎಲ್ಲರೂ ಬೇರೆ ಬಸ್ಸು ಹತ್ತಿದರು. ಅತ್ತೆ ಗುಂಡಿ ಒತ್ತಿದಳು. 'ಕಲ್ಯಾಣದುರ್ಗ ಬರೋ ತನಕ ಇಳೀಬೇಡ' ಎಂದಿತು ನನ್ನ ದನಿ. ಕಂಡಕ್ಟರ್ ಎಷ್ಟು ಕರೆದರೂ ಏಳಲಿಲ್ಲ. ಸಂಜೆ ಅಪ್ಪ ಹೋಗಿ ಕರೆತಂದ.

ತಪ್ಪು ನನ್ನದು, ಅವಳದಲ್ಲ ಎಂದು ಮೂರು ದಿನ ಅಪ್ಪನೊಡನೆ ವಾದಿಸಿದೆ.

"ತಪ್ಪು ಯಾರ್ದಾದ್ರೇನ್ಲಾ, ಕೂತಿದ್ದೋಳು ನನ್ ತಂಗಿ. ಇನ್ನು ಒಬ್ಳೇ ಬಸ್ ಹತ್ತೋದ್ ಬ್ಯಾಡ. ಇಲ್ಲಿದ್ರೆ ಇಲ್ಲೇ, ಅಲ್ಲಿದ್ರೆ ಅಲ್ಲೇ."

ಅತ್ತೆ ಡಬ್ಬಿ ಕಳಚಿಟ್ಟು ಬ್ಯಾಗ್ ತುಂಬಿಕೊಂಡಳು. "ಅಲ್ಲೇ." ಅಪ್ಪನೇ ಬಿಟ್ಟು ಬಂದ.

ಅದಾಗಿ ಎಂಟು ತಿಂಗಳು. ಹಬ್ಬಕ್ಕೆ ಕರೆತರಲು ಅಪ್ಪ ಎರಡು ಸಲ ಹೋಗಿ ಒಬ್ಬನೇ ಬಂದ. ಹೋದ ವಾರ ನಾನು ಹೋದೆ. ಅತ್ತೆ ಸೀರೆ ಮಡಿಸುತ್ತಲೇ ಕೇಳಿದಳು, "ಕರ್ಕೊಂಡೋಗಕ್ಕೆ ಬಂದ್ಯಾ?"

"ಹೂಂ ಅತ್ತೆ. ಡಬ್ಬೀಲಿ ಹೊಸದಾಗಿ ಹೇಳಿದ್ದೀನಿ, ಬಸ್ ಕೆಟ್ರೆ ಕಂಡಕ್ಟರ್ ಹೇಳ್ದಂಗೆ ಮಾಡು ಅಂತ."

"ಅದ್ನ ನಿಮ್ಮಪ್ಪಂಗೆ ಕೇಳ್ಸು. ಹೊತ್ಕೊಂಡ್ ಹೋಗಕ್ಕೆ ನಾನೇನ್ ಗಂಟೇನ್ಲಾ? ಅವ್ನು ಒಬ್ಳೇ ಬಾ ಅಂದ್ರೆ ಬತ್ತೀನಿ."

ಮನೆಗೆ ಬಂದು ಕೇಳಿಸಿದೆ. ಅಪ್ಪ ಎರಡು ಸಲ ಒತ್ತಿ ಕೇಳಿದ. "ಚೆನ್ನಾಗ್ ಹೇಳಿದ್ದೀಯ" ಎಂದ. ವಾದಿಸಲು ನನಗೂ ಈಗ ಸುಸ್ತು. ಒಬ್ಬಳೇ ಬಾ ಎಂದು ಮಾತ್ರ ಅವನು ಇನ್ನೂ ಅಂದಿಲ್ಲ.