ಬಟ್ಟೆಯ ಹಿಂಬದಿ

ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ದಾರ ಹೋದ ದಾರಿಯಲ್ಲೇ ಹಿಂದಿರುಗಬೇಕು. ಬಟ್ಟೆಯ ಮುಂದೆ ಕಂಡದ್ದೇ ಹಿಂದೆಯೂ ಕಾಣಬೇಕು. ಧಾರವಾಡದಲ್ಲಿ ಅವ್ವ ನನಗೆ ಕಲಿಸಿದ್ದು ಇಷ್ಟು. ಏಳನೆಯ ಇಯತ್ತೆಗೆ ನನ್ನ ಶಾಲೆ ಮುಗಿಯಿತು. ತಂಗಿ ಓದಿದಳು, ಎಂಜಿನಿಯರ್ ಆದಳು, ಜಪಾನಿನ ಹಮಾಮತ್ಸುವಿನ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬಂದಳು. ಎರಡು ವರ್ಷದ ನಂತರ ಅದೇ ಊರಿನ ಇಂಡಿಯನ್ ಹೋಟೆಲಿಗೆ ನನ್ನ ಗಂಡ ಅಡುಗೆಯವರಾಗಿ ಬಂದರು, ಅವರ ಹಿಂದೆ ನಾನು.

ಇಲ್ಲಿ ನಾನು ತಂಗಿಯ ಕೈಹಿಡಿದೇ ನಡೆಯಬೇಕಿತ್ತು. ವಾರ್ಡ್ ಆಫೀಸಿನ ಕಾಗದ ಅವಳೇ ಓದಬೇಕು, ಡಾಕ್ಟರ ಮುಂದೆ ನನ್ನ ಹೊಟ್ಟೆನೋವನ್ನು ಅವಳೇ ಹೇಳಬೇಕು. ಕೊಂಬಿನಿ ಅಂಗಡಿಯಲ್ಲಿ ಯಾರಾದರೂ ಏನಾದರೂ ಕೇಳಿದರೆ ನಾನು "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಅವಳ ಮುಖ ನೋಡುತ್ತಿದ್ದೆ.

ತಂಗಿಗೆ ಕಸೂತಿ ಒಂದು ಆಟ. ರೈಲಿನಲ್ಲಿ, ಊಟದ ಬಿಡುವಿನಲ್ಲಿ ಹೊಲಿಯುತ್ತಿದ್ದಳು. ಗೋಪುರದ ಪಕ್ಕ ಕಾಫಿ ಮಾರುವ ಯಂತ್ರ, ನವಿಲಿನ ಪಕ್ಕ ಛತ್ರಿ. ಒಂದು ಭಾನುವಾರ ಸೈಕಲ್ ಹೊಡೆಯುವ ಆನೆಯನ್ನು ತಂದು ತೋರಿಸಿದಳು. ಒಂದು ಕಾಲು ಮಾತ್ರ ವಿಪರೀತ ಉದ್ದ.

"ಪೆಡಲ್ ಮುಟ್ಟಬೇಕಲ್ಲಕ್ಕಾ, ಅದಕ್ಕ ಜಗ್ಗೀನಿ" ಅಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಸಮುದಾಯ ಭವನದಲ್ಲಿ ಹೊಲಿಗೆ ಕಲಿಸುವ ಜಪಾನಿ ಅಜ್ಜಿಯೊಬ್ಬರು ಆ ಆನೆಯನ್ನು ನೋಡಿದರು. ಇಂಥದೇ ದೊಡ್ಡ ಬಟ್ಟೆ ಮಾಡಿಕೊಡು, ಪ್ರದರ್ಶನದಲ್ಲಿ ಎರಡೂ ಕಡೆ ಕಾಣುವಂತೆ ತೂಗುಹಾಕೋಣ ಎಂದರಂತೆ. ತಂಗಿ ಓಡುತ್ತಾ ಬಂದಳು.

"ಈಗ ಚಂದಗೆ ಕಲಿಸಕ್ಕಾ. ಮನಸಿಟ್ಟು ಕಲೀತೀನಿ."

ಕಲಿಸಿದೆ. ಪ್ರತಿ ಭಾನುವಾರ ಅವಳು ಬಟ್ಟೆ ಬಿಡಿಸುವ ಮೊದಲೇ "ಹಿಂದ ತಿರುಗಿಸು" ಅನ್ನುತ್ತಿದ್ದೆ. ಎಳೆ ಎಣಿಸಿ, ತಪ್ಪಿದಲ್ಲಿ ಉಗುರಿನಿಂದ ಗೀರುತ್ತಿದ್ದೆ.

"ನಿನ್ನ ಮನಿಗೆ ಬಂದ್ರ ಪೊಲೀಸ್ ಠಾಣೆಗೆ ಬಂದಂಗ ಆಗ್ತೈತಿ" ಎಂದು ಮೊದಮೊದಲು ಚೇಷ್ಟೆ ಮಾಡುತ್ತಿದ್ದಳು. ಆಮೇಲೆ ಚೇಷ್ಟೆ ನಿಂತಿತು. ತಾನೇ ಹಿಂಬದಿಯನ್ನು ಮೇಲೆ ಮಾಡಿ ನನ್ನ ಮುಂದೆ ಇಡತೊಡಗಿದಳು. ಅಲುಗಾಡಿದರೆ ಎಳೆ ತಪ್ಪುತ್ತದೆಂದು ರೈಲಿನಲ್ಲಿ ಹೊಲಿಯುವುದನ್ನು ಬಿಟ್ಟಳು. ಶ್ರದ್ಧೆ ಬಂತು ಎಂದು ಗಂಡನ ಮುಂದೆ ಹೇಳಿಕೊಂಡೆ. ಅದು ಶ್ರದ್ಧೆಯಲ್ಲವೆಂದು ನನಗೆ ಗೊತ್ತಿತ್ತು. ಅವಳು ನನ್ನೆದುರು ಹೆದರಿ ಕೂರುವುದು ನನಗೆ ಹಿತವಾಗಿತ್ತು. ಈ ದೇಶದಲ್ಲಿ ಅವಳಿಗಿಂತ ನನಗೆ ಹೆಚ್ಚು ಗೊತ್ತಿದ್ದದ್ದು ಅದೊಂದೇ.

ಪ್ರದರ್ಶನಕ್ಕೆ ವಾರವಿದ್ದಾಗ ಅವಳು ಕೆಲಸದ ಮೇಲೆ ಎರಡು ದಿನ ತ್ಸುಕುಬಾಕ್ಕೆ ಹೋದಳು. ಬಟ್ಟೆ ನನ್ನ ಬಳಿ ಇತ್ತು. ನಡುವಿನಲ್ಲಿ ಅದೇ ಆನೆ, ಅದೇ ಉದ್ದ ಕಾಲು. ಆ ಹೊಲಿಗೆಯನ್ನು ಬಿಚ್ಚಿದೆ. ಹಗಲಿಡೀ ಕಿಟಕಿಯ ಬಳಿ ಕೂತು, ಅವ್ವ ಹೊಲಿಯುತ್ತಿದ್ದಂಥ, ನಾಲ್ಕೂ ಕಾಲು ಸಮನಾದ ಆನೆಯನ್ನು ಹೊಲಿದೆ. ಸೈಕಲ್ ಇದ್ದಲ್ಲಿ ತುಳಸಿಕಟ್ಟೆ ಬಂತು.

ಅವಳು ಬಂದು ನೋಡಿದಳು. ಉಳಿದಿದ್ದ ಹಳೆಯ ಸೂಜಿತೂತುಗಳ ಮೇಲೆ ಬೆರಳಾಡಿಸಿದಳು. "ಚಲೋ ಆಗೇತಿ" ಅಂದಳು, ಅಷ್ಟೇ.

ಪ್ರದರ್ಶನದ ದಿನ ಅಜ್ಜಿ ಬಟ್ಟೆಯ ಸುತ್ತ ನಡೆದು ನೋಡಿ ಏನೋ ಕೇಳಿದರು. ತಂಗಿ ಉತ್ತರ ಹೇಳಿ ನನ್ನ ಕಡೆ ಕೈ ತೋರಿಸಿದಳು. ಅಜ್ಜಿ ನನಗೆ ತಲೆ ಬಾಗಿಸಿದರು.

"ಏನಂದ್ರು?"

"ಸೈಕಲ್ ಎಲ್ಲಿ ಹೋತು ಅಂದ್ರು. ಇದು ನಮ್ಮಕ್ಕ ಮಾಡಿದ್ದು ಅಂದೆ."

ಮೂರು ವರ್ಷವಾಯಿತು, ಅವಳು ಸೂಜಿ ಹಿಡಿದಿಲ್ಲ. ನನ್ನ ಕಾಗದಗಳನ್ನು ಈಗಲೂ ಓದುತ್ತಾಳೆ, ಡಾಕ್ಟರ ಬಳಿ ಈಗಲೂ ಬರುತ್ತಾಳೆ. ಸಿಟ್ಟು ಮಾಡಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕಳೆದ ತಿಂಗಳು ಆ ಆನೆಯನ್ನು ನೆನಪಿನಿಂದ ಹೊಲಿದೆ, ಸೈಕಲ್ ಸಮೇತ. ಕಾಲು ಎಷ್ಟು ಜಗ್ಗಿದರೂ ಅವಳ ಆನೆ ಆಗಲಿಲ್ಲ. ಆದರೂ ಒಯ್ದು ಕೊಟ್ಟೆ. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿದ್ದೆ, ಬಾಯಿಗೆ ಬರಲಿಲ್ಲ. ಅವಳು ಬಟ್ಟೆ ಬಿಡಿಸಿದಳು. ಮುಂದೆ ಏನಿದೆಯೆಂದು ನೋಡದೆ ಮೊದಲು ಹಿಂದೆ ತಿರುಗಿಸಿ ಎಳೆ ಎಣಿಸಿದಳು.

"ಒಂದೂ ತಪ್ಪಿಲ್ಲಕ್ಕಾ" ಅಂದು ಮಡಚಿ ನನ್ನ ಕೈಗೇ ಇಟ್ಟಳು.